ಕಾಗದದ ವಿಮಾನಕ್ಕೆ ಕಬ್ಬಿಣದ ಬಾಲ

ಆ ದಿನ ವಿಮಾನ ಹಾರಲಿಲ್ಲ. ಹವಾಮಾನ ಸರಿಯಿಲ್ಲ ಎಂದು ಕಂಪನಿಯ ಕಾಗದದಲ್ಲಿ ಬರೆದರು. ಅದು ಸುಳ್ಳು. ಸಾಂತಾಕ್ರೂಜಿನ ವಿಮಾನ ನಿಲ್ದಾಣದ ಮೇಲಿನ ಆಕಾಶ ಅವತ್ತು ತೊಳೆದಿಟ್ಟ ತಾಟಿನ ಹಾಗೆ ಇತ್ತು. ನಾನು ಒಂದು ಪೆನ್ನಿಗೆ ಮೇಣ ಹಚ್ಚಿದ್ದೆ, ಹಚ್ಚಿದ್ದೇನೆಂದು ಬಾಯಿಬಿಟ್ಟು ಹೇಳಿದೆ, ಅದಕ್ಕೆ ಹಾರಲಿಲ್ಲ. ನಡೆದದ್ದು ಇಷ್ಟೇ.

ಈಗ ನಮ್ಮ ಚಾಳಿನ ಹುಡುಗಿಯರು ದೊಡ್ಡ ದೊಡ್ಡ ಕಂಪನಿಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಯಂತ್ರಗಳು ಇರುತ್ತವೆ, ಸಾಹೇಬರು ಇರುತ್ತಾರೆ. ಅವರು ಕೇಳಿದರೆಂದು ಬರೆಯುತ್ತಿದ್ದೇನೆ. ಯಾವ ವರ್ಷ ಏನಾದೆ, ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ಇದರಲ್ಲಿ ಇಲ್ಲ.

ನಾನು ವಿಜಾಪುರದ ಕಡೆಯವಳು. ಕನ್ನಡ ಎರಡನೇ ಇಯತ್ತೆಗೆ ಸಾಲಿ ಬಿಟ್ಟೆ. ಲಗ್ನವಾಗಿ ಕುರ್ಲಾಕ್ಕೆ ಬಂದೆ. ಗಂಡ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಬಾಂಗ್ಲಾ ಯುದ್ಧ ಮುಗಿದ ಮರುವರ್ಷ ಬಿದಿರಿನ ಅಟ್ಟಣಿಗೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಆಗ ನಾನು ವಿಮಾನ ನಿಲ್ದಾಣದ ಗೋಡೆಯಾಚೆ ಇದ್ದ ಒಂದು ಕಂಪನಿಯಲ್ಲಿ ಕಸ ಹೊಡೆಯಲು ಸೇರಿದೆ. ಕಂಪನಿಯ ಹೆಸರು ಬೇಡ. ಮುಚ್ಚಿ ಬಹಳ ಕಾಲವಾಯಿತು.

ಅಲ್ಲಿ ಒಂದು ಡಬ್ಬಿ ಮಾಡುತ್ತಿದ್ದರು. ಪೈಲಟ್ ಕೈಬಿಟ್ಟರೂ ವಿಮಾನವನ್ನು ನೆಟ್ಟಗೆ ನಡೆಸುವ ಡಬ್ಬಿ. ಗಾಳಿ ಬಂದು ವಿಮಾನದ ಮೂಗು ಎತ್ತಿದರೆ, ಡಬ್ಬಿಗೆ ಅದು ತಿಳಿಯಬೇಕು, ತಿಳಿದು ಬಾಲದ ಹಲಗೆಯನ್ನು ಚೂರು ತಿರುಗಿಸಬೇಕು, ಮೂಗು ಇಳಿಯಬೇಕು. ಕೇಳಲು ಸರಳ. ಅದನ್ನು ಮಾಡಲು ಉಡುಪಿ ಕಡೆಯ ಒಬ್ಬ ಇಂಜಿನಿಯರು ಹಗಲೂ ರಾತ್ರಿ ಲೆಕ್ಕ ಹಾಕುತ್ತಿದ್ದರು. ಉಪಾಧ್ಯ ಎಂದು ಅವರ ಹೆಸರು. ವಯಸ್ಸು ಮೂವತ್ತೂ ಆಗಿರಲಿಲ್ಲ, ತಲೆ ಮುಂದುಗಡೆ ಆಗಲೇ ಖಾಲಿಯಾಗಿತ್ತು.

ಅವರ ಕೋಣೆಯೊಂದೇ ತಣ್ಣಗಿತ್ತು. ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಳ್ಳುವ ಕೋಣೆ. ಗೋಡೆಯುದ್ದಕ್ಕೂ ಒಂದು ಕಪಾಟಿನಂಥ ಯಂತ್ರ. ಎಲ್ಲರೂ ಅದಕ್ಕೆ ಅನಲಾಗ್ ಎನ್ನುತ್ತಿದ್ದರು. ವಿಮಾನ ಗಾಳಿಯಲ್ಲಿ ಹೇಗೆ ಆಡುತ್ತದೆಂದು ವೈರಿನಲ್ಲೇ ಲೆಕ್ಕ ಹಾಕಿ ತೋರಿಸುವ ಕಂಪ್ಯೂಟರ್. ಅದರ ಎದೆಯ ಮೇಲೆ ತೂತುಗಳ ಬೋರ್ಡು. ತೂತಿನಿಂದ ತೂತಿಗೆ ಬಣ್ಣಬಣ್ಣದ ವೈರು. ಒಳಗೆ ಕೆಂಪಗೆ ಸಣ್ಣ ದೀಪಗಳು, ಒಲೆಯಲ್ಲಿ ಕೆಂಡ ಆರುವಾಗ ಇರುತ್ತದಲ್ಲ, ಆ ಬಣ್ಣ. ಯಂತ್ರ ಸದಾ ಗುಂಯ್ ಎನ್ನುತ್ತಿತ್ತು. ಆ ಸದ್ದಿನೊಳಗೆ ನಿಂತರೆ ಹೊರಗಿನ ಬಸ್ಸು, ಜನ, ಬಿಸಿಲು ಯಾವುದೋ ಬೇರೆ ಊರಿನದು ಅನಿಸುತ್ತಿತ್ತು.

ಸೇರಿದ ಎರಡನೇ ವಾರ ನನ್ನಿಂದ ಮೊದಲ ತಪ್ಪಾಯಿತು. ಬೋರ್ಡಿನ ಮೇಲೆ ಧೂಳು ಕೂತಿತ್ತು. ವೈರು ಅಡ್ಡ ಬರುತ್ತವೆಂದು ಎಲ್ಲವನ್ನೂ ಕಿತ್ತು, ಬಣ್ಣದ ಪ್ರಕಾರ ಜೋಡಿಸಿ ಮೇಜಿನ ಮೇಲಿಟ್ಟು, ಒದ್ದೆ ಬಟ್ಟೆಯಿಂದ ಚೊಕ್ಕಟ ಮಾಡಿದೆ. ಉಪಾಧ್ಯರು ಬಾಗಿಲಲ್ಲಿ ನಿಂತರು.

"ಎಂತ ಮಾಡಿದ್ರಿ ನೀವು?"

"ಧೂಳಾ ಕುಂತಿತ್ರಿ. ಒರಿಸೀನಿ."

"ಅದು ಧೂಳಲ್ಲ ಮಾರಾಯ್ತಿ. ನನ್ನ ಮೂರು ವಾರ."

ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. ಬೈದಿದ್ದರೆ ನಾನು ಕೆಲಸ ಬಿಟ್ಟು ಹೋಗುತ್ತಿದ್ದೆ. ಸುಮ್ಮನೆ ಕೂತದ್ದಕ್ಕೆ, "ತಡೀರಿ, ಹಾಕತೀನಿ," ಎಂದೆ.

ನಮ್ಮ ಕಡೆ ಹೆಂಗಸರು ಹಳೇ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಹಸಿರಿನ ಪಕ್ಕ ಕೆಂಪು, ಕೆಂಪಿನ ಕೆಳಗೆ ಜರಿಯಂಚು, ಹೀಗೆ. ಹೊಲಿಯುವವಳ ಕಣ್ಣಿಗೆ ಅದು ಒಂದು ಸಲ ಕೂತರೆ ಹೋಗುವುದಿಲ್ಲ. ಬೋರ್ಡು ನನಗೆ ಕೌದಿಯ ಹಾಗೇ ಕಂಡಿತ್ತು. ಊಟದ ಹೊತ್ತಿಗೆ ಎಲ್ಲ ವೈರು ತೂತು ಸೇರಿದವು. ಅವರು ನಕ್ಷೆ ಹಿಡಿದು ಒಂದೊಂದೇ ನೋಡಿದರು. ಎರಡು ತಪ್ಪಿದ್ದವು. ಅಂದಿನಿಂದ ಬೆಳಿಗ್ಗೆ ಕಸ, ಆಮೇಲೆ ವೈರು. ಇಂಗ್ಲಿಷ್ ಅಂಕಿ ಮಾತ್ರ ಕಲಿಸಿದರು. ಅಷ್ಟು ಸಾಕಾಯಿತು.

ಕೆಲಸದ ರೀತಿ ಹೇಳುತ್ತೇನೆ. ಈಗ ಅದನ್ನು ಯಾರೂ ಮಾಡುವುದಿಲ್ಲ. ಬೆಳಿಗ್ಗೆ ಯಂತ್ರ ಹಚ್ಚಿ ಒಂದು ತಾಸು ಬಿಡಬೇಕು. ಅದು ಬೆಚ್ಚಗಾಗಬೇಕು. ಆಮೇಲೆ ಮೀಟರುಗಳ ಒಂದೊಂದು ಮುಳ್ಳನ್ನೂ ತಿರುಪು ತಿರುಗಿಸಿ ಸೊನ್ನೆಗೆ ತರಬೇಕು. ತಂದು ಮುಗಿಸುವಷ್ಟರಲ್ಲಿ ಮೊದಲಿನದು ಮತ್ತೆ ಸರಿದಿರುತ್ತದೆ. ಹಾಲಿನ ಮುಂದೆ ನಿಂತ ಹಾಗೆ ನಿಲ್ಲಬೇಕು. ಎಲ್ಲ ಸರಿಯಾದ ಮೇಲೆ ಉಪಾಧ್ಯರು ಒಂದು ಗುಂಡಿ ಒತ್ತುತ್ತಿದ್ದರು. ಆಗ ಆ ಕಪಾಟಿನೊಳಗೆ ವಿಮಾನ ಹಾರುತ್ತಿತ್ತು.

ಕಣ್ಣಿಗೆ ಕಾಣುವುದು ಕಾಗದ ಮಾತ್ರ. ಉದ್ದನೆಯ ಕಾಗದ ಸುರುಳಿ ಬಿಚ್ಚಿಕೊಂಡು ಸರಿಯುತ್ತದೆ, ಅದರ ಮೇಲೆ ಸಣ್ಣ ಮಸಿಪೆನ್ನು ಗೆರೆ ಎಳೆಯುತ್ತದೆ. ಗೆರೆ ಏರಿದರೆ ಮೂಗು ಏರಿತು. ಇಳಿದರೆ ಇಳಿಯಿತು. ಏರಿ ಇಳಿದು ಏರಿ ಇಳಿದು ಸಣ್ಣಗಾಗುತ್ತ ಸಪಾಟಾದರೆ ಡಬ್ಬಿ ಒಳ್ಳೆಯದು. ಸಪಾಟಾಗದೆ ಹಾಗೇ ಆಡುತ್ತಿದ್ದರೆ ಕೆಟ್ಟದ್ದು. ದೊಡ್ಡದಾಗುತ್ತ ಹೋದರೆ ವಿಮಾನ ಬಿತ್ತು. ಉಪಾಧ್ಯರು ಎಷ್ಟೋ ಸಲ ಬೀಳಿಸಿದ್ದಾರೆ. ಬಿದ್ದಾಗ ಚಹ ಕುಡಿಯುತ್ತಿದ್ದೆವು.

ಮಧ್ಯಾಹ್ನದ ಹೊತ್ತು ನಾನೊಬ್ಬಳೇ ಆ ಕಾಗದದ ಹತ್ತಿರ ಕೂತಿರುತ್ತಿದ್ದೆ. ಮೇಲೆ ನಿಜವಾದ ವಿಮಾನ ಇಳಿಯುತ್ತಿತ್ತು, ಕಿಟಕಿಯ ಗಾಜು ಗದಗುಟ್ಟುತ್ತಿತ್ತು. ಕೆಳಗೆ ಈ ವಿಮಾನ ಸದ್ದಿಲ್ಲದೆ ನನ್ನ ಮೊಣಕಾಲಿನ ಮೇಲೆ ಸುರುಳಿಯಾಗಿ ಬೀಳುತ್ತಿತ್ತು. ಕಣ್ಣು ಎಳೆಯುತ್ತಿತ್ತು. ನಿದ್ದೆಯೋ ಎಚ್ಚರವೋ ಗೊತ್ತಿಲ್ಲದ ಹೊತ್ತಿನಲ್ಲಿ ನಾನೂ ಅದರಲ್ಲಿ ಹೋಗುತ್ತಿದ್ದೆ. ಕೆಳಗೆ ಊರಿಲ್ಲ, ಮೋಡವಿಲ್ಲ, ಬರೀ ಬಿಳೀ ಕಾಗದ. ಸಂಜೆ ಕುರ್ಲಾ ಸ್ಟೇಷನ್ನಿನ ಸೇತುವೆ ದಾಟುವಾಗ ಕೆಳಗೆ ಲೋಕಲ್ ಹಾದುಹೋದ ಮೇಲೆ ಮೇಲಿನ ತಂತಿ ತೂಗುತ್ತ ನಿಧಾನವಾಗಿ ನಿಲ್ಲುತ್ತದಲ್ಲ, ಅದನ್ನು ನೋಡುತ್ತ ನಿಂತುಬಿಡುತ್ತಿದ್ದೆ. ನಿಂತಿತು, ಒಳ್ಳೆಯ ಡಬ್ಬಿ ಎಂದುಕೊಂಡು ಮನೆಗೆ ಹೋಗುತ್ತಿದ್ದೆ. ಹಿಂದಿನವರು ದಬ್ಬುತ್ತಿದ್ದರು.

ಡಬ್ಬಿ ಮುಗಿದ ಮೇಲೆ ಅದನ್ನು ಮೇಲೆ ಹಾರಿಸಿ ನೋಡಬೇಕಾದವರು ಕ್ಯಾಪ್ಟನ್ ಲೋಬೊ. ಬಾಂದ್ರಾದವರು. ಗಿಡ್ಡ ಮನುಷ್ಯ, ಬಿಳೀ ಮೀಸೆ. ವಾರಕ್ಕೊಮ್ಮೆ ಬಂದು ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತು, ನೆಲಕ್ಕೆ ಬಿಗಿದ ಒಂದು ಕೋಲು ಹಿಡಿದು ಕಾಗದದ ವಿಮಾನ ಹಾರಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡು.

"ಬಾಯಿ, ಆಜ್ ಮೇರಾ ಜಹಾಜ್ ಕೈಸಾ ಹೈ?" ಇವತ್ತು ನನ್ನ ವಿಮಾನ ಹೇಗಿದೆ ಎಂದು ಬಂದಕೂಡಲೇ ನನ್ನನ್ನೇ ಕೇಳುತ್ತಿದ್ದರು.

"ಶಾಂತ್ ಹೈ ಸಾಬ್," ಎನ್ನುತ್ತಿದ್ದೆ, ಶಾಂತವಾಗಿದ್ದರೆ. ಇಲ್ಲದಿದ್ದರೆ, "ಆಜ್ ಮತ್ ಬೈಠೊ." ಇವತ್ತು ಕೂರಬೇಡಿ.

ಅವರು ನಗುತ್ತಿದ್ದರು. ಆದರೆ ಕೂರುತ್ತಿರಲಿಲ್ಲ.

ಒಮ್ಮೆ ಉಪಾಧ್ಯರನ್ನು ಕೇಳಿದೆ: ಲೆಕ್ಕ ಮುಗಿದು ವರ್ಷವಾಯಿತು ಅನ್ನುತ್ತೀರಿ, ಇನ್ನೂ ಏನು ನೋಡುತ್ತೀರಿ? ಅವರು ಹೇಳಿದರು, "ಪುಸ್ತಕದ ವಿಮಾನ ಬೇರೆ ಉಂಟು ನೀಲವ್ವ. ಅದಕ್ಕೆ ಒಂದು ಪಾಲು ತಳ್ಳಿದ್ರೆ ಒಂದು ಪಾಲು ತಿರುಗ್ತದೆ, ಎರಡು ತಳ್ಳಿದ್ರೆ ಎರಡು. ನಿಜದ್ದು ಹಾಗೆ ಹೇಳಿದ ಮಾತು ಕೇಳುದಿಲ್ಲ."

"ನಮ್ಮ ಚಾಳಿನ ಬಾಗಲದ ಹಂಗ ಅನ್ರಿ."

"ಅದೆಂತದು?"

"ಮಳಿಗಾಲದಾಗ ಉಬ್ಬತೈತ್ರಿ. ಸಣ್ಣಗ ದಬ್ಬಿದ್ರ ಅಲ್ಲಾಡೂದಿಲ್ಲ. ಇನ್ನಷ್ಟ ದಬ್ಬಿದ್ರೂ ಇಲ್ಲ. ಸಿಟ್ಟಿಗೆದ್ದು ಜೋರ್ ದಬ್ಬಿದ್ರ ಒಮ್ಮೆಲೇ ತಗದು ಒಳಗ ಹೋಗಿ ಬೀಳತೀವಿ. ನಳದ ಹಿಡಿನೂ ಹಂಗ. ಅರ್ಧ ಸುತ್ತು ಪುಕ್ಕಟೆ ತಿರಗತೈತಿ, ಆಮ್ಯಾಲ ನೀರ್ ಬರತಾವು."

ಅವರು ಪೆನ್ಸಿಲ್ ಕೆಳಗಿಟ್ಟರು. "ಇದಿಷ್ಟು ಬರೀಲಿಕ್ಕೆ ಪುಸ್ತಕದವರು ನಾಲ್ಕು ಅಧ್ಯಾಯ ತಗೊಂಡಿದ್ದಾರೆ," ಎಂದರು. "ಬಾಗಿಲು ಉಬ್ಬಿದ್ರೂ, ನಳ ಸವೆದ್ರೂ ಬೀಳಬಾರದು. ಅಂಥ ಡಬ್ಬಿ ಮಾಡ್ಬೇಕು. ಎಷ್ಟು ಉಬ್ತದೆ, ಎಷ್ಟು ಸವೀತದೆ ಅಂತ ನಮಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಮಾಡ್ಬೇಕು."

ಅದಕ್ಕೇ ಅವರು ಒಂದು ನಿಜವಾದ ಬಾಲ ತರಿಸಿದರು. ಬರೀ ಬಾಲ. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣದ ಮಂಚದಂಥದ್ದರ ಮೇಲೆ ಬಿಗಿದು, ಎಣ್ಣೆಯ ಪಂಪು ಕೂಡಿಸಿ, ಉದ್ದನೆಯ ಕೇಬಲ್ಲಿನಿಂದ ನಮ್ಮ ಯಂತ್ರಕ್ಕೆ ಜೋಡಿಸಿದರು. ಈಗ ಕಪಾಟಿನೊಳಗಿನ ವಿಮಾನ ಹೇಳಿದಂತೆ ಶೆಡ್ಡಿನ ಬಾಲ ತಿರುಗುತ್ತಿತ್ತು. ಬಾಲ ಎಷ್ಟು ತಿರುಗಿತೋ ಅಷ್ಟನ್ನು ಕಪಾಟು ತಿಳಿದುಕೊಳ್ಳುತ್ತಿತ್ತು. ಮೈಯೇ ಇಲ್ಲದ ವಿಮಾನಕ್ಕೆ ಒಂದು ಕಬ್ಬಿಣದ ಬಾಲ. ಶೆಡ್ಡಿನ ಅರೆಗತ್ತಲೆಯಲ್ಲಿ ಅದು ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು, ದೊಡ್ಡ ಮೀನು ನೀರೊಳಗೆ ಉಸಿರಾಡಿದ ಹಾಗೆ.

ಬಾಲ ಬಂದ ದಿನದಿಂದ ಪೆನ್ನು ನಡುಗಲು ಶುರುಮಾಡಿತು. ದೊಡ್ಡ ಗೆರೆ ಸರಿಯಾಗೇ ಬರುತ್ತಿತ್ತು, ಸಪಾಟೂ ಆಗುತ್ತಿತ್ತು. ಆದರೆ ಸಪಾಟಾದ ಮೇಲೂ ಅದರ ಮೇಲೆ ಸಣ್ಣ ಸಣ್ಣ ಹಲ್ಲು, ಗರಗಸದ ಹಾಗೆ.

ನಮ್ಮ ದೊಡ್ಡ ಸಾಹೇಬರು ಕೇಳಕರ್. ಮರಾಠಿಯವರು. ಕೆಟ್ಟವರಲ್ಲ, ಅವರಿಗೆ ಎಲ್ಲವೂ ಚೊಕ್ಕಟ ಇರಬೇಕಿತ್ತು. ಅವರ ಮೇಜಿನ ಮೇಲೆ ಪೆನ್ಸಿಲುಗಳು ಎತ್ತರದ ಪ್ರಕಾರ ಮಲಗಿರುತ್ತಿದ್ದವು. ದಿಲ್ಲಿಯಿಂದ ದೊಡ್ಡವರು ಕಾಗದ ನೋಡಲು ಬರುವವರಿದ್ದರು. ಹಿಂದಿನ ದಿನ ಕೇಳಕರರು ಗೆರೆ ನೋಡಿ ಮುಖ ಗಂಟಿಕ್ಕಿದರು.

"ಪೆನ್ ಢೀಲಾ ಹೈ. ಮುಝೆ ಲೈನ್ ಸಾಫ್ ಮಂಗ್ತಾ."

ಅವರಿಗೆ ಗೆರೆ ಚೊಕ್ಕಟ ಬೇಕಿತ್ತು. ಪೆನ್ನು ಸಡಿಲವೇ ಇರಬಹುದು ಎಂದು ಉಪಾಧ್ಯರೂ ಅಂದುಕೊಂಡರು. ಕಂಪನಿಯ ಮೆಕ್ಯಾನಿಕ್ ರಜೆಯಲ್ಲಿದ್ದ. ಎಲ್ಲರೂ ಹೋದ ಮೇಲೆ ನಾನು ಪೆನ್ನಿನ ಕಡ್ಡಿ ಮುಟ್ಟಿ ನೋಡಿದೆ. ಹಗುರವಾಗಿತ್ತು. ಅದಕ್ಕೆ ತುಸು ಭಾರ ಬೇಕು ಅನಿಸಿತು. ನನ್ನ ಸೆರಗಿನ ಗಂಟಿನಲ್ಲಿ ಕುಂಕುಮದ ಕರಡಿಗೆ ಇರುತ್ತಿತ್ತು. ಬಸ್ಸಿನ ಬೆವರಿಗೆ ಕುಂಕುಮ ಇಳಿಯಬಾರದೆಂದು ನಾವು ಮೊದಲು ಹಣೆಗೆ ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತೇವೆ. ಆ ಮೇಣದಲ್ಲಿ ಜೋಳದ ಕಾಳಿನಷ್ಟು ತೆಗೆದು, ಉಂಡೆ ಮಾಡಿ, ಪೆನ್ನಿನ ತುದಿಗೆ ಒತ್ತಿದೆ. ಗೆರೆ ಎಳೆದು ನೋಡಿದೆ. ಹಲ್ಲು ಹೋಗಿತ್ತು. ದಾರ ಎಳೆದಷ್ಟು ಚೊಕ್ಕಟ.

ದಿಲ್ಲಿಯವರು ತಲೆಯಾಡಿಸಿ ಹೋದರು. ಕೇಳಕರರು ನನ್ನ ಕಡೆ ನೋಡಿ "ಅಬ್ ಠೀಕ್" ಎಂದರು. ಪೆನ್ನು ತಾನೇ ಸರಿಹೋಯಿತೆಂದು ಎಲ್ಲರೂ ನಂಬಿದರು. ನಾನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಹೇಳುವಂಥ ಮಾತು ಎಂದೇ ಅನಿಸಲಿಲ್ಲ. ಹೆಣ್ಣುಮಕ್ಕಳೇ, ನಮ್ಮಂಥವರಿಂದ ಆಗುವ ತಪ್ಪು ಇದೇ. ಚಿಕ್ಕದೊಂದು ಸರಿಮಾಡಿ ಸುಮ್ಮನಿದ್ದುಬಿಡುತ್ತೇವೆ.

ಮುಂದಿನ ವಾರಗಳಲ್ಲಿ ಆದದ್ದು ಇದು. ಗೆರೆ ಶಾಂತವಾಗಿದೆ ಎಂದು ಉಪಾಧ್ಯರು ಡಬ್ಬಿಯನ್ನು ಚುರುಕು ಮಾಡಿದರು. ಒಂದು ಗುಂಡಿಯಿದೆ, ಅದನ್ನು ಏರಿಸಿದಷ್ಟೂ ಡಬ್ಬಿ ಬಾಲವನ್ನು ಬೇಗ, ಜೋರಾಗಿ ತಿರುಗಿಸುತ್ತದೆ. ಏರಿಸಿದರು. ಗೆರೆ ಶಾಂತ. ಇನ್ನೂ ಏರಿಸಿದರು. ಶಾಂತವೇ. ಕ್ಯಾಪ್ಟನ್ ಲೋಬೊ ಬಂದು ಕೋಲು ಹಿಡಿದು, "ಮಖ್ಖನ್," ಎಂದರು. ಬೆಣ್ಣೆ. ಹಾರುವ ದಿನ ಗೊತ್ತಾಯಿತು. ಅಂಥದೇ ಇನ್ನೊಂದು ಡಬ್ಬಿಯನ್ನು ನಿಜವಾದ ವಿಮಾನದಲ್ಲಿ ಕೂರಿಸಿದರು. ಅದೇ ಬಗೆಯ ಬಾಲದ ವಿಮಾನ.

ಹಾರುವುದಕ್ಕೆ ಹಿಂದಿನ ದಿನ ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಬಾಲ ಒರೆಸುತ್ತಿದ್ದೆ. ಪಂಪು ಚಾಲೂ ಇತ್ತು, ಕಾಗದದ ವಿಮಾನ ತನ್ನ ಪಾಡಿಗೆ ನೆಟ್ಟಗೆ ಹಾರುತ್ತಿತ್ತು. ಬಾಲ ಅಲ್ಲಾಡದೆ ನಿಂತಿತ್ತು. ಕಣ್ಣಿಗೆ ನಿಂತಿತ್ತು. ಅಂಗೈ ಇಟ್ಟರೆ ಒಳಗೆ ನಡುಕ. ಬೇನೆಯ ದನದ ಮೈ ಮುಟ್ಟಿದರೆ ಹೀಗಿರುತ್ತದೆ. ಒರೆಸುವುದನ್ನು ಬಿಟ್ಟು ಹಾಗೇ ಕೈಯಿಟ್ಟುಕೊಂಡು ನಿಂತೆ. ಎಷ್ಟು ಹೊತ್ತೋ. ಸೂರಿನ ತಗಡಿನ ತೂತಿನಿಂದ ಬಿಸಿಲಿನ ಕೋಲು ನನ್ನ ಕಾಲ ಬಳಿಯಿಂದ ಬಾಲದ ಮೇಲೆ ಏರಿ ಬಂದಿತ್ತು. ಆ ಬಿಸಿಲಲ್ಲಿ ಧೂಳಿನ ಕಣಗಳು ಕಬ್ಬಿಣದ ಮೇಲೆ ಕುಣಿಯುತ್ತಿದ್ದವು.

ಕೋಣೆಗೆ ಬಂದು ಉಗುರಿನಿಂದ ಪೆನ್ನಿನ ಮೇಣ ಕೆರೆದು ತೆಗೆದೆ. ಮೇಣದ ಭಾರ ಇಷ್ಟು ದಿನ ಮುಚ್ಚಿಟ್ಟಿದ್ದ ಹಲ್ಲು ಬಂತು. ಮೊದಲಿಗಿಂತ ಎರಡು ಪಾಲು ದೊಡ್ಡ ಹಲ್ಲು.

ಹೇಳಿದರೆ ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು. ಮನೆಯಲ್ಲಿ ಗಂಡ ಕೋಲು ಹಿಡಿದು ನಡೆಯುತ್ತಿದ್ದ. ಹೇಳದಿದ್ದರೆ ನಾಳೆ ಆ ಗಿಡ್ಡ ಮನುಷ್ಯ ಕಣ್ಣು ಮುಚ್ಚಿಕೊಂಡು ಅದರಲ್ಲಿ ಕೂರುತ್ತಾನೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿಲ್ಲ. ಆದರೂ ಒಂದು ಲೋಟ ನೀರು ಕುಡಿದು ಹೋದೆ.

"ಸಾಹೇಬ್ರ, ಈ ಪೆನ್ನಿಗೆ ನಾ ಮೇಣ ಹಚ್ಚಿದ್ದೆ."

"ಎಂತ ಮೇಣ?" ಉಪಾಧ್ಯರು ತಲೆಯೆತ್ತಲಿಲ್ಲ.

"ಹಣಿಗೆ ಹಚ್ಚತೀವಲ್ರಿ, ಅದು."

ಈಗ ತಲೆಯೆತ್ತಿದರು. "ಯಾವತ್ತು?"

"ದಿಲ್ಲಿಯವರು ಬರೂ ಹಿಂದಿನ ದಿನಾ. ಈಗ ತಗದೀನಿ. ಬಂದು ನೋಡ್ರಿ. ಬಾಲನೂ ಮುಟ್ಟಿ ನೋಡ್ರಿ."

ಅವರು ಕಾಗದ ನೋಡಿದರು. ಶೆಡ್ಡಿಗೆ ಓಡಿಹೋಗಿ ಕೈಯಿಟ್ಟರು. ವಾಪಸು ಬಂದು ಅಂಗೈಯನ್ನು ಅಂಗಿಗೆ ಒರೆಸಿಕೊಂಡರು.

"ಬಾಲದ ಕೀಲು ಸಡಿಲ ಉಂಟು, ಕೂದಲಿನಷ್ಟು," ಎಂದರು. "ಡಬ್ಬಿ ಆಚೆ ತಳ್ತದೆ, ಕೀಲು ಪುಕ್ಕಟೆ ತಿರುಗ್ತದೆ. ಸಾಲಲಿಲ್ಲ ಅಂತ ಇನ್ನಷ್ಟು ತಳ್ತದೆ, ಅಷ್ಟರಲ್ಲಿ ಜಾಸ್ತಿ ಆಗಿರ್ತದೆ. ಮತ್ತೆ ಈಚೆ ತಳ್ತದೆ. ಹೀಗೆ ನಿಲ್ಲುದೇ ಇಲ್ಲ. ನಾನು ಡಬ್ಬಿ ಚುರುಕು ಮಾಡಿದಷ್ಟೂ ಜಗಳ ಜೋರು."

"ಮ್ಯಾಲ ಹೋದ್ರ?"

"ಮೇಲೆ ಗಾಳಿಯೂ ತಳ್ತದೆ. ಬೋಲ್ಟ್ ಎಷ್ಟು ಹೊತ್ತು ತಡೀತದೆ ಅಂತ ನನಗೆ ಗೊತ್ತಿಲ್ಲ, ನೀಲವ್ವ."

ಕೇಳಕರರ ಮುಂದೆ ಇಬ್ಬರೂ ನಿಂತೆವು. ಕ್ಯಾಪ್ಟನ್ ಲೋಬೊ ಅಲ್ಲೇ ಕೂತು ಚಹ ಕುಡಿಯುತ್ತಿದ್ದರು. ಉಪಾಧ್ಯರು ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ.

"ಕಿಸನೆ ಬೋಲಾ ಥಾ ಮೇಣ್ ಲಗಾನೇಕೊ?" ಮೇಣ ಹಚ್ಚಲು ಹೇಳಿದ್ದು ಯಾರೆಂದು ಕೇಳಕರರು ಕೇಳಿದರು.

"ಕಿಸೀನೆ ನಹೀ. ಆಪ್ ಬೋಲೆ, ಲೈನ್ ಸಾಫ್ ಮಂಗ್ತಾ. ಮೈ ಸಾಫ್ ಕಿಯಾ." ಯಾರೂ ಹೇಳಲಿಲ್ಲ, ಗೆರೆ ಚೊಕ್ಕಟ ಬೇಕೆಂದು ನೀವೇ ಅಂದಿರಿ, ನಾನು ಚೊಕ್ಕಟ ಮಾಡಿದೆ ಎಂದೆ.

ಅವರ ಕೈ ಪೆನ್ಸಿಲುಗಳನ್ನು ಸರಿಮಾಡುತ್ತಿತ್ತು. ದಿಲ್ಲಿಗೆ ಏನು ಬರೆಯುವುದು, ಒಂದು ತಿಂಗಳ ಕಾಗದವೆಲ್ಲ ರದ್ದಿ, ಒಬ್ಬ ಕಸದ ಬಾಯಿಯ ಮಾತಿಗೆ ವಿಮಾನ ನಿಲ್ಲಿಸುವುದೇ ಎಂದು ಉಪಾಧ್ಯರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆಂದು ಕಾಣುತ್ತದೆ. ಕ್ಯಾಪ್ಟನ್ ಲೋಬೊ ಕಪ್ಪು ಕೆಳಗಿಟ್ಟು ಎದ್ದರು. ನೇರ ಶೆಡ್ಡಿಗೆ ನಡೆದರು. ನಾವೂ ಹಿಂದೆ ಹೋದೆವು. ಅವರು ಬಾಲದ ಮೇಲೆ ಎರಡೂ ಕೈಯಿಟ್ಟು ಎಂದಿನ ಹಾಗೆ ಕಣ್ಣು ಮುಚ್ಚಿದರು. ಹೊರಗೆ ಯಾವುದೋ ವಿಮಾನ ಇಳಿಯಿತು, ಅದರ ಸದ್ದೂ ಮುಗಿಯಿತು.

"ಇಸ್ಕೊ ಬುಖಾರ್ ಹೈ," ಎಂದರು. ಇದಕ್ಕೆ ಜ್ವರ ಬಂದಿದೆ. "ಕಲ್ ಮೈ ನಹೀ ಜಾಯೇಗಾ." ನಾಳೆ ನಾನು ಹೋಗುವುದಿಲ್ಲ.

ಅಷ್ಟೇ. ಕೇಳಕರರು ಹವಾಮಾನದ ಕಾಗದ ಬರೆದರು. ನನಗೆ, "ಕಲ್ ಸೇ ಬೋರ್ಡ್ ಕೊ, ಪೆನ್ ಕೊ ಹಾತ್ ನಹೀ ಲಗಾನೇಕಾ. ಸಿರ್ಫ್ ಝಾಡೂ," ಎಂದರು. ನಾಳೆಯಿಂದ ಬೋರ್ಡು, ಪೆನ್ನು ಮುಟ್ಟಬಾರದು, ಕಸಬರಿಗೆ ಮಾತ್ರ. ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಕಾರಣ ಬರೆಯಬೇಕಾಗುತ್ತಿತ್ತು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಡಬ್ಬಿ ಮತ್ತೆ ತಯಾರಾಗಲು ಎರಡು ಮಳೆಗಾಲ ಬೇಕಾಯಿತು. ಹೊಸ ಬಾಲ, ಹಳೇ ಬಾಲ, ತಣ್ಣನೆ ಎಣ್ಣೆ, ಕಾದ ಎಣ್ಣೆ, ಬಿಗಿ ಕೀಲು, ಸಡಿಲ ಕೀಲು ಎಲ್ಲದರ ಮೇಲೂ ನಿಲ್ಲುವ ಡಬ್ಬಿ. ಅಷ್ಟು ಚುರುಕಿನದಲ್ಲ. ಗೆರೆಯೂ ಅಷ್ಟು ಚಂದ ಇರಲಿಲ್ಲ. ಕ್ಯಾಪ್ಟನ್ ಲೋಬೊ ಅದನ್ನು ಹಾರಿಸಿದರು, ಇಳಿದರು, ಮೀನಿನ ಊಟ ಮಾಡಿದರು. ಕೆಲವು ವರ್ಷಕ್ಕೆ ಡಿಜಿಟಲ್ ಕಂಪ್ಯೂಟರ್ ಬಂದು ಬೋರ್ಡು ಗುಜರಿಗೆ ಹೋಯಿತು. ಹೊಸ ಯಂತ್ರದ ಗೆರೆ ತಾನಾಗೇ ಚೊಕ್ಕಟ ಬರುತ್ತದೆ. ಹೆಣ್ಣುಮಕ್ಕಳೇ, ಗೆರೆ ನೋಡಿ. ಆದರೆ ದಿನಕ್ಕೊಮ್ಮೆ ಎದ್ದುಹೋಗಿ ನಿಜವಾದ ವಸ್ತುವನ್ನು ಮುಟ್ಟಿ ಬನ್ನಿ.

ಕೇಳಕರರು ಹಾಗೆ ಹೇಳಿದ ಆ ರಾತ್ರಿ ಗಂಡನಿಗೆ ಏನೂ ಹೇಳದೆ ಮಲಗಿದೆ. ಕನಸಿನಲ್ಲಿ ಇಡೀ ಚಾಳು ಮೆಲ್ಲಗೆ ನೆಲ ಬಿಟ್ಟು ಏರುತ್ತಿತ್ತು, ಒಣಹಾಕಿದ ಸೀರೆಗಳ ಸಮೇತ. ಯಾರಿಗೂ ಭಯವಿರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಬಸ್ಸಿಗೇ ಹೋದೆ. ಕಸ ಹೊಡೆದೆ. ಬೋರ್ಡಿನ ಕಡೆ ತಿರುಗದೆ ಕಿಟಕಿ ಒರೆಸಿದೆ. ಉಪಾಧ್ಯರು ಕೈಯಲ್ಲಿ ಬೋಲ್ಟು ತಿರುಗಿಸುವ ದೊಡ್ಡ ಪಾನಾ ಹಿಡಿದು ಬಂದರು. ರಾತ್ರಿ ಮಲಗಿದ ಮುಖವಲ್ಲ.

"ಬನ್ನಿ ನೀಲವ್ವ."

"ಕೈ ಹಚ್ಚಬ್ಯಾಡ ಅಂದಾರ್ರಿ."

"ಬೋರ್ಡಿಗೆ, ಪೆನ್ನಿಗೆ ಅಂದದ್ದು. ಬಾಲದ ಸುದ್ದಿ ಎತ್ಲಿಲ್ಲ ಅವರು."

ಶೆಡ್ಡಿನಲ್ಲಿ ಅವರು ಬಾಲದ ಕೀಲಿನ ಕೆಳಗೆ ಬೆನ್ನಡಿಯಾಗಿ ಮಲಗಿ, ಬೋಲ್ಟಿಗೆ ಪಾನಾ ಹಾಕಿದರು. ಪಂಪಿನ ಸ್ವಿಚ್ಚು ಅವರ ಕೈಗೆ ಎಟುಕುವಲ್ಲೇ ಇತ್ತು. ಕಾಲು ಸುತ್ತು ಬಿಗಿ ಮಾಡುತ್ತ, ಕಾಲು ಸುತ್ತು ಸಡಿಲ ಮಾಡುತ್ತ ಹೋಗುತ್ತಾರಂತೆ. ನಡುಕ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ ಎಂದು ನಾನು ಹೇಳಬೇಕಂತೆ. ಕಸಬರಿಗೆ ಗೋಡೆಗೆ ಒರಗಿಸಿ, ಕೈ ಸೀರೆಗೆ ಒರೆಸಿಕೊಂಡು, ಅಂಗೈಯನ್ನು ಕಬ್ಬಿಣದ ಮೇಲೆ ಇಟ್ಟೆ. ಬೆಳಗಿನ ತಂಪಿಗೆ ಅದು ಇನ್ನೂ ತಣ್ಣಗಿತ್ತು.

"ಹ್ಞೂಂ, ಹಚ್ರಿ ಪಂಪು," ಎಂದೆ.